ಟ್ರೈಪಾಡ್ ಹೊತ್ತವರೇ ಚಿತ್ರಕಥೆ ಬರೆಯಲಿ

(ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕನ್ನಡ ಪೋಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ವಿಷಯ ದೊಡ್ಡದು, "ಮಾಧ್ಯಮ ಶಿಕ್ಷಣದ ಅವಕಾಶಗಳು" ಅಂತ. ಅಷ್ಟನ್ನೆಲ್ಲ ನಾನು ಹೇಳಲಾರೆ. ನಾನು ಕಾಲೇಜಿನಲ್ಲಿ ಕಲಿಸುವುದು ಎರಡೇ ಪೇಪರ್. ಒಂದು ವಿಡಿಯೋ ಪ್ರೊಡಕ್ಷನ್, ಇನ್ನೊಂದು ಚಿತ್ರಕಥೆ. ಅವುಗಳ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಅಪ್ಪ ಅಮ್ಮಂದಿರ ಒಂದು ಗೊಂದಲ ಬಿಡಿಸಿಬಿಡೋಣ. ಹನ್ನೆರಡನೇ ಕ್ಲಾಸ್ ಮುಗಿಸಿದ ಮಗಳು "ನನಗೆ ಮಾಸ್ ಮೀಡಿಯಾ ಬೇಕು" ಅಂದ ಕೂಡಲೇ ಮನೆಯವರ ಕಣ್ಣ ಮುಂದೆ ಸಿನಿಮಾ ಬರುತ್ತದೆ. ಮುಂಬೈ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಬಿಎಂಎಂ (ಬ್ಯಾಚುಲರ್ ಆಫ್ ಮಾಸ್ ಮೀಡಿಯಾ) ಅಂತ ಶುರುವಾದ ಪದವಿ ಇದು. ಈಗ ಅದರ ಹೆಸರು ಬಿಎಎಂಎಂಸಿ, ಅಂದರೆ ಮಲ್ಟಿಮೀಡಿಯಾ ಮತ್ತು ಮಾಸ್ ಕಮ್ಯುನಿಕೇಷನ್‌ನಲ್ಲಿ ಬಿಎ. ಆರ್ಟ್ಸ್, ಕಾಮರ್ಸ್, ಸೈನ್ಸ್, ಯಾವುದು ಓದಿದ್ದರೂ ಸೇರಬಹುದು. ಆದರೆ ಇದು ಸಿನಿಮಾ ಕೋರ್ಸ್ ಅಲ್ಲ. ಕೊನೆಗೆ ಮಕ್ಕಳು ಆರಿಸಿಕೊಳ್ಳುವುದು ಪತ್ರಿಕೋದ್ಯಮವನ್ನು, ಇಲ್ಲವೇ ಜಾಹೀರಾತನ್ನು. ಕ್ಯಾಮೆರಾ, ಎಡಿಟಿಂಗ್, ಸ್ಕ್ರಿಪ್ಟ್ ಎಲ್ಲ ದಾರಿಯಲ್ಲಿ ಒಂದೊಂದು ಪೇಪರ್ ಆಗಿ ಬಂದು ಹೋಗುತ್ತವೆ. ಹಾಗೆ ಬಂದಾಗ ಹಿಡಿದುಕೊಂಡವರಿಗೆ ದಕ್ಕಿತು, ಇಲ್ಲದಿದ್ದರೆ ಮಾರ್ಕ್ಸ್ ಸಿಕ್ಕಿತು, ಅಷ್ಟೇ.

ಕ್ಲಾಸಿನಲ್ಲಿ ಅರವತ್ತು ಮಕ್ಕಳು ಇರುತ್ತಾರೆ. ಕ್ಯಾಮೆರಾ ಎರಡೋ ಮೂರೋ. ಹಾಗಾಗಿ ಗುಂಪು ಮಾಡುತ್ತೇವೆ. ಗುಂಪು ಆದ ಕೂಡಲೇ ಡೈರೆಕ್ಟರ್ ಯಾರು ಅಂತ ಜಗಳ. ಸ್ಕ್ರಿಪ್ಟ್ ಯಾರು ಬರೆಯುತ್ತೀರಿ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿ ಇಂಗ್ಲಿಷ್ ಬರೆಯುವ ಹುಡುಗಿಯ ಕಡೆ ನೋಡುತ್ತಾರೆ. ಸೌಂಡ್ ಯಾರದು ಅಂದರೆ ಅವತ್ತು ಕ್ಲಾಸಿಗೆ ಬಾರದವನ ಹೆಸರು ಬರೆದುಬಿಡುತ್ತಾರೆ!

ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಟೈಂ ಟೇಬಲ್‌ನಲ್ಲೇ ಬರವಣಿಗೆ ಒಂದು ದಿನ, ಕ್ಯಾಮೆರಾ ಇನ್ನೊಂದು ದಿನ. ಒಂದು ಬೆಂಚಿನ ಮೇಲೆ ಕೂತು ಮಾಡುವ ಕೆಲಸ, ಇನ್ನೊಂದು ಬಿಸಿಲಲ್ಲಿ ನಿಂತು ಮಾಡುವ ಕೆಲಸ ಅಂತ ಅವರಿಗೆ ಅನ್ನಿಸಿಬಿಡುತ್ತದೆ. ನಾನು ನನ್ನ ಕ್ಲಾಸಿನಲ್ಲಿ ಒಂದು ನಿಯಮ ಇಟ್ಟಿದ್ದೇನೆ. ಸ್ಕ್ರಿಪ್ಟ್ ಬರೆದವರು ಶೂಟಿಂಗ್ ದಿನ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್, ಹೊರಬೇಕು. ಕ್ಯಾಮೆರಾ ಹಿಡಿಯುವವರು ಮೊದಲು ಎರಡು ಪುಟ ಬರೆದು ತರಬೇಕು. ಗೊಣಗುತ್ತಾರೆ. ಗೊಣಗಲಿ.

ಯಾಕೆ ಈ ಹಟ ಅಂತ ಒಂದು ಉದಾಹರಣೆಯಲ್ಲೇ ಹೇಳುತ್ತೇನೆ. ಎರಡನೇ ವರ್ಷದ ಒಬ್ಬ ಹುಡುಗ ಐದು ನಿಮಿಷದ ಚಿತ್ರಕ್ಕೆ ಕಥೆ ತಂದ. ಮಾಟುಂಗದ ಕಡೆಯ ಒಂದು ಉಡುಪಿ ಹೋಟೆಲ್. ಗಲ್ಲಾದಲ್ಲಿ ಕೂತ ಅಪ್ಪ. ಬಿಕಾಂ ಬಿಟ್ಟು ಮೀಡಿಯಾ ಓದುತ್ತೇನೆ ಅನ್ನುವ ಮಗ. ಮೊದಲ ಪುಟದಲ್ಲಿ ಹೀಗಿತ್ತು: "ತಂದೆಗೆ ಮಗನ ನಿರ್ಧಾರ ಹಿಡಿಸುವುದಿಲ್ಲ. ತಾವು ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿದ್ದು ನೆನಪಾಗುತ್ತದೆ." ಕಥೆಯಾಗಿ ಓದಿದರೆ ಚೆನ್ನಾಗಿದೆ. ಮುಂಬೈ ಕನ್ನಡಿಗರ ಎಷ್ಟೋ ಮನೆಗಳ ಚರಿತ್ರೆ ಈ ಒಂದು ಸಾಲಿನಲ್ಲಿದೆ. ಆದರೆ ಕ್ಯಾಮೆರಾ ಎಲ್ಲಿ ಇಡುವುದು? "ಹಿಡಿಸುವುದಿಲ್ಲ" ಅನ್ನುವುದನ್ನು ಹೇಗೆ ತೆಗೆಯುವುದು? "ನೆನಪಾಗುತ್ತದೆ" ಅಂದಾಗ ನಟ ಏನು ಮಾಡಬೇಕು, ಮೇಲೆ ನೋಡಬೇಕಾ?

ಚಿತ್ರಕಥೆಯಲ್ಲಿ ಬರೆಯುವುದಕ್ಕೆ ಎರಡೇ ವಿಷಯ ಇವೆ. ಕಾಣುವುದು, ಕೇಳಿಸುವುದು. ವರ್ತಮಾನ ಕಾಲದಲ್ಲಿ ಬರೆಯುತ್ತೇವೆ, ಯಾಕೆಂದರೆ ಪರದೆಯ ಮೇಲೆ ಎಲ್ಲವೂ ಈಗ ನಡೆಯುತ್ತಿರುತ್ತದೆ. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಮಕ್ಕಳು ಪರೀಕ್ಷೆಯಲ್ಲೂ ಬರೆಯುತ್ತಾರೆ. ಬರೆದ ಮೇಲೆ ಮತ್ತೆ "ಅವನಿಗೆ ಬೇಸರವಾಯಿತು" ಅಂತ ಬರೆದುಕೊಂಡು ಬರುತ್ತಾರೆ.

ಆ ಹುಡುಗನಿಗೆ ಒಂದು ಕೆಲಸ ಹೇಳಿದೆ. ಮೂರು ಗಂಟೆ ಹೊತ್ತಿಗೆ ಹೋಟೆಲಿಗೆ ಹೋಗಿ ಸುಮ್ನೆ ಕೂತುಕೋ. ಗಲ್ಲಾದಲ್ಲಿ ಕೂತವರ ಕೈ ನೋಡು. ಕೈ ಮಾತ್ರ. ಅವನು ನೋಡಿ ಬಂದ. ದುಡ್ಡು ಎಣಿಸುವಾಗ ನೋಟಿನ ಮುಖಗಳನ್ನೆಲ್ಲ ಒಂದೇ ಕಡೆ ತಿರುಗಿಸುತ್ತಾರೆ. ಚಿಲ್ಲರೆ ಕೊಡುವಾಗ ಗಿರಾಕಿಯ ಮುಖ ನೋಡುವುದಿಲ್ಲ. ಹಣ ಬಂದ ಬಿಲ್ಲನ್ನು ಕಂಬಿಗೆ ಚುಚ್ಚುತ್ತಾರೆ. ಬೆರಳು ಪಕ್ಕದಲ್ಲೇ ಇರುತ್ತದೆ, ಆದರೂ ನೋಡದೆ ಚುಚ್ಚುತ್ತಾರೆ.

ಮುಂದಿನ ವಾರ ಅದೇ ದೃಶ್ಯ ಹೀಗೆ ಬಂತು. ಮಗ ಗಲ್ಲಾದ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳುತ್ತಾನೆ. ಅಪ್ಪ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ಬಿಲ್ಲುಗಳ ಕಟ್ಟನ್ನು ಮಗನ ಕಡೆ ತಳ್ಳುತ್ತಾರೆ. "ಒಂದ್ಸಲ ಕೂಡಿಸಿ ನೋಡು." ಮಗ ಫೋನ್ ತೆಗೆದು ಕ್ಯಾಲ್ಕುಲೇಟರ್ ಒತ್ತತೊಡಗುತ್ತಾನೆ. ಅವನು ಅರ್ಧ ಮುಗಿಸುವಷ್ಟರಲ್ಲಿ ಅಪ್ಪ ಮೊತ್ತ ಹೇಳಿಬಿಡುತ್ತಾರೆ. ಅಷ್ಟೇ. ರಾತ್ರಿ ಶಾಲೆಯೂ ಬಂತು, ಹಿಡಿಸದೆ ಇರುವುದೂ ಬಂತು. ಎರಡನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇನ್ನು ದೃಶ್ಯದ ತಲೆಬರಹ. ಪ್ರತಿ ದೃಶ್ಯದ ಮೇಲೆ ಒಂದು ಸಾಲು ಬರೆಯುತ್ತೇವೆ: ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು. ಮಕ್ಕಳು ಇದನ್ನು ಕಾಟಾಚಾರಕ್ಕೆ ಬರೆಯುತ್ತಾರೆ. ಆದರೆ ಇಡೀ ಶೂಟಿಂಗ್ ಈ ಸಾಲಿನ ಮೇಲೆ ನಡೆಯುತ್ತದೆ. ಅಸಿಸ್ಟೆಂಟ್ ಡೈರೆಕ್ಟರ್ ಮೊದಲು ಮಾಡುವ ಕೆಲಸವೇ ಸ್ಕ್ರಿಪ್ಟನ್ನು ಬಿಡಿಸಿ, ಒಂದೇ ಜಾಗದ ದೃಶ್ಯಗಳನ್ನು ಒಟ್ಟಿಗೆ ಸೇರಿಸುವುದು. ಕಥೆಯ ಮೊದಲ ದೃಶ್ಯ, ಕೊನೆಯ ದೃಶ್ಯ ಎರಡೂ ಹೋಟೆಲಿನಲ್ಲೇ ಇದ್ದರೆ ಎರಡನ್ನೂ ಒಂದೇ ಮಧ್ಯಾಹ್ನ ತೆಗೆಯುತ್ತಾರೆ.

ನಮ್ಮ ಹುಡುಗ ನಡುವೆ ಒಂದು ಸಾಲು ಬರೆದಿದ್ದ: "ಒಳಗೆ, ಓಡುತ್ತಿರುವ ಲೋಕಲ್, ಸಂಜೆ." ಮುಂಬೈನ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಬರೆಯುತ್ತಾನೆ. ಮೂರು ಮಾತು. ಅದರ ಹಿಂದೆ ಬರುವುದು ಇಷ್ಟು: ರೈಲ್ವೆಯ ಅನುಮತಿ, ಅದಕ್ಕೆ ಕಟ್ಟುವ ದುಡ್ಡು, ಕ್ಯಾಮೆರಾ ಕಂಡ ಕೂಡಲೇ ಬಂದು ವಿಚಾರಿಸುವ ರೈಲ್ವೆ ರಕ್ಷಣಾ ಪಡೆಯ, ಅಂದರೆ ಆರ್‌ಪಿಎಫ್ ಪೇದೆ. ಆಮೇಲೆ ಸಂಜೆಯ ಡೊಂಬಿವಲಿ ಫಾಸ್ಟ್ ಲೋಕಲ್! ಅದರಲ್ಲಿ ನಮಗೇ ಕಾಲಿಡಲು ಜಾಗ ಇರುವುದಿಲ್ಲ, ಟ್ರೈಪಾಡಿನ ಮೂರು ಕಾಲು ಎಲ್ಲಿಡುವುದು? ಫೋನಿನಲ್ಲಿ ಕದ್ದು ತೆಗೆಯುತ್ತೇವೆ ಸರ್ ಅನ್ನುತ್ತಾರೆ. ತೆಗೆಯಬೇಡಿ. ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ. ಒಪ್ಪಿಗೆ ಇಲ್ಲದೆ ಹತ್ತಾರು ಜನರ ಮುಖ ನಿಮ್ಮ ಚಿತ್ರದಲ್ಲಿ ಬರುತ್ತದೆ, ಅದು ಸರಿಯಾ?

ಆ ದೃಶ್ಯವನ್ನು ಅವನು ಮನೆಯ ಅಡುಗೆಮನೆಗೆ ತಂದ. ಅಮ್ಮ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಾಳೆ. ಮಗನ ಮಾತಿನ ಹಿಂದೆ ರೈಲಿನ ಸದ್ದು, ನಡುವೆ ಮರಾಠಿಯಲ್ಲಿ "ಪುಢೀಲ್ ಸ್ಟೇಷನ್" (ಮುಂದಿನ ನಿಲ್ದಾಣ) ಅನ್ನುವ ಹೆಣ್ಣು ದನಿ. ಮಗ ಎಲ್ಲಿದ್ದಾನೆ ಅಂತ ನಮಗೆ ಗೊತ್ತಾಯಿತು. ಅಮ್ಮನ ಮುಖ ಕಂಡಿತು. ಮೊದಲಿನದಕ್ಕಿಂತ ಇದು ಒಳ್ಳೆಯ ದೃಶ್ಯ. ದುಡ್ಡಿಲ್ಲದ್ದಕ್ಕೆ ಹೀಗೆ ಬರೆದದ್ದು ಅಂತ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಶೂಟಿಂಗ್ ದಿನಕ್ಕೆ ಬರೋಣ. ಹೋಟೆಲಿನವರು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಎರಡು ಗಂಟೆ ಕೊಟ್ಟರು. ಫೋನಿನಲ್ಲಿ ಟ್ರಯಲ್ ತೆಗೆದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡಾಡುತ್ತಿವೆ. ಫೋನ್ ಕೆಟ್ಟಿದೆ ಅಂತ ಗುಂಪೆಲ್ಲ ಗಾಬರಿ. ಫೋನ್ ಸರಿಯಾಗಿಯೇ ಇತ್ತು. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಜಾಸ್ತಿ ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತವೆ. ಅದನ್ನು 25ಕ್ಕೆ ಇಳಿಸಿ, ಶಟರ್, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50ಕ್ಕೆ ಇಟ್ಟರೆ ದೀಪಕ್ಕೂ ಕ್ಯಾಮೆರಾಗೂ ತಾಳ ಕೂಡುತ್ತದೆ, ಪಟ್ಟಿ ಹೋಗುತ್ತದೆ. ಕೆಲವು ಅಗ್ಗದ ಎಲ್ಇಡಿ ದೀಪಗಳು ಇದಕ್ಕೂ ಬಗ್ಗುವುದಿಲ್ಲ. ಆಗ ದೀಪ ಆರಿಸಿ ಕಿಟಕಿ ಬೆಳಕಿಗೆ ಹೋಗುವುದೇ ವಾಸಿ.

ಗಲ್ಲಾದ ಮೇಜು ಇನ್ನೊಂದು ಪಾಠ ಹೇಳಿಕೊಟ್ಟಿತು. ಎದುರುಬದುರು ಇರುವ ಇಬ್ಬರ ನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿ ಇರಬೇಕು. ದಾಟಿದರೆ ಅಪ್ಪನೂ ಬಲಕ್ಕೆ ನೋಡುತ್ತಾರೆ, ಮಗನೂ ಬಲಕ್ಕೆ ನೋಡುತ್ತಾನೆ. ಇಬ್ಬರೂ ಮೂರನೆಯವರ ಜೊತೆ ಮಾತಾಡುತ್ತಿರುವ ಹಾಗೆ ಕಾಣುತ್ತದೆ. 180 ಡಿಗ್ರಿ ನಿಯಮ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದಾಗ ಅರ್ಧ ಕ್ಲಾಸ್ ನಿದ್ದೆ ಮಾಡಿತ್ತು. ಆ ಇಕ್ಕಟ್ಟು ಹೋಟೆಲಿನಲ್ಲಿ ಎಲ್ಲರಿಗೂ ತಿಳಿಯಿತು. ಗೋಡೆ ಗಡಿಯಾರವೂ ಅಷ್ಟೇ. ಮಗನ ಕಡೆಯಿಂದ ತೆಗೆದಾಗ ಮೂರೂಮುಕ್ಕಾಲು, ಅಪ್ಪನ ಕಡೆಯಿಂದ ತೆಗೆದಾಗ ಐದು. ಒಂದು ನಿಮಿಷದ ಮಾತುಕತೆಗೆ ಒಂದೂಕಾಲು ಗಂಟೆ!

ನಾನು ಜಾಸ್ತಿ ಹೊತ್ತು ಹೇಳಬೇಕೆಂದಿರುವುದು ಸೌಂಡ್ ಬಗ್ಗೆ. ಚಿತ್ರ ಸ್ವಲ್ಪ ಮಸುಕಾದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮುಂಬೈನಲ್ಲಿ ಮೌನ ಅನ್ನುವುದು ಇಲ್ಲವೇ ಇಲ್ಲ. ಹೋಟೆಲಿನಲ್ಲಿ ಎಕ್ಸಾಸ್ಟ್ ಫ್ಯಾನ್, ಗ್ರೈಂಡರ್, ಫ್ರಿಜ್ಜು, ಹೊರಗೆ ಸಿಟಿ ಬಸ್ಸು, ಮೇಲೆ ಕಾಗೆ. ಮೈಕ್ ಮಾತಾಡುವವರ ಹತ್ತಿರ ಇರಬೇಕು, ಇದು ಮೊದಲ ಮತ್ತು ಕೊನೆಯ ನಿಯಮ. ಕ್ಯಾಮೆರಾ ಮೇಲೆ ಕೂತ ಮೈಕ್ ಮಾತಿಗಿಂತ ಫ್ಯಾನನ್ನೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಫ್ರಿಜ್ ಆರಿಸಬೇಕಾದರೆ ಸೌಂಡ್‌ನವರ ಒಂದು ಹಳೆಯ ಉಪಾಯ ಇದೆ. ನಿಮ್ಮ ಗಾಡಿ ಕೀಲಿಯನ್ನು ಫ್ರಿಜ್ ಒಳಗೆ ಇಟ್ಟುಬಿಡಿ. ಹೊರಡುವಾಗ ಕೀಲಿ ಬೇಕೇ ಬೇಕು, ಫ್ರಿಜ್ ಹಚ್ಚುವುದು ಮರೆಯುವುದಿಲ್ಲ. ಹೋಟೆಲಿನವರ ಹಾಲು ಕೆಡಿಸಿದರೆ ಮುಂದಿನ ಬ್ಯಾಚಿಗೆ ಯಾರು ಜಾಗ ಕೊಡುತ್ತಾರೆ?

ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ, ಯಾರೂ ಮಾತಾಡದೆ, ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಬೇಕು. ಅದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಡಿಟಿಂಗ್ ಮಾಡುವಾಗ ಎರಡು ಮಾತಿನ ನಡುವಿನ ಕತ್ತರಿ ಗುರುತನ್ನು ಮುಚ್ಚುವುದು ಅದೇ. ಆ ಒಂದು ನಿಮಿಷ ಸುಮ್ಮನೆ ನಿಲ್ಲುವುದು ಇಪ್ಪತ್ತು ವರ್ಷದ ಮಕ್ಕಳಿಗೆ ಎಷ್ಟು ಕಷ್ಟ ಅಂತೀರಿ! ಯಾರಾದರೂ ಒಬ್ಬರು ನಕ್ಕೇ ನಗುತ್ತಾರೆ.

ಎಡಿಟಿಂಗ್ ಅಂದರೆ ಸ್ಕ್ರಿಪ್ಟನ್ನು ಇನ್ನೊಂದು ಸಲ ಬರೆಯುವುದು. ಹುಡುಗ ಕೊನೆಗೆ ಮಗನಿಗೆ ಒಂದೂವರೆ ಪುಟದ ಭಾಷಣ ಕೊಟ್ಟಿದ್ದ. ಕನಸು, ಸ್ವಾತಂತ್ರ್ಯ, ನನ್ನ ದಾರಿ, ಎಲ್ಲ ಇತ್ತು. ಶೂಟ್ ಮಾಡಿದ್ದರು. ಟೈಮ್‌ಲೈನ್ ಮೇಲೆ ಇಟ್ಟು ನೋಡಿದರೆ ಅಪ್ಪ ಮೊತ್ತ ಹೇಳಿದ ಕೂಡಲೇ ಚಿತ್ರ ಮುಗಿದುಹೋಗಿದೆ. ಭಾಷಣ ತೆಗೆದರು. ಅದರ ಬದಲು ಅಪ್ಪ ಬಿಲ್ಲನ್ನು ಕಂಬಿಗೆ ಚುಚ್ಚುವ ಒಂದು ಹತ್ತಿರದ ಶಾಟ್ ಹಾಕಿದರು. ಅಡುಗೆಮನೆಯ ದೃಶ್ಯಕ್ಕೆ ಹೋಗುವ ಮೊದಲೇ ರೈಲಿನ ಸದ್ದನ್ನು ಸ್ವಲ್ಪ ಮುಂಚೆ ಎಳೆದು ತಂದರು. ಇದಕ್ಕೆ ಜೆ ಕಟ್ ಅನ್ನುತ್ತಾರೆ. ಸದ್ದು ಮೊದಲು, ಚಿತ್ರ ಆಮೇಲೆ. ಆ ಹುಡುಗ ಮುಂದೆ ಬರೆದ ಸ್ಕ್ರಿಪ್ಟಿನಲ್ಲಿ ಭಾಷಣ ಇರಲಿಲ್ಲ. ನಾನು ಕ್ಲಾಸಿನಲ್ಲಿ ಹೇಳಿದ್ದಕ್ಕಲ್ಲ. ತಾನು ಬರೆದದ್ದನ್ನು ತಾನೇ ಕತ್ತರಿಸಿದ್ದಕ್ಕೆ.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದೆರಡು ಮಾತು. ಚಿತ್ರಕಥೆಯ ಒಂದು ಪುಟ ಅಂದರೆ ಸುಮಾರು ಒಂದು ನಿಮಿಷ ಅಂತ ಲೆಕ್ಕ ಇದೆ. ಅದು ಇಂಗ್ಲಿಷಿನಲ್ಲಿ, ಕೊರಿಯರ್ ಅನ್ನುವ ಅಕ್ಷರದಲ್ಲಿ, 12 ಪಾಯಿಂಟ್ ಗಾತ್ರದಲ್ಲಿ ಬರೆದಾಗಿನ ಲೆಕ್ಕ. ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು, ಫಾಂಟ್ ಬದಲಾದರೆ ಪುಟದ ಅಳತೆಯೇ ಬದಲಾಗುತ್ತದೆ. ಕನ್ನಡದಲ್ಲಿ ಬರೆದರೆ ಜೋರಾಗಿ ಓದಿ, ನಡುವಿನ ಕ್ರಿಯೆಗೆ ಸಮಯ ಬಿಟ್ಟು, ಗಡಿಯಾರ ಹಿಡಿದು ಅಳೆಯಿರಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದರೆ ಇನ್ನೊಬ್ಬರ ಫೋನಿನಲ್ಲಿ ಅದು ಅಕ್ಷರಗಳ ಚಿತ್ರಾನ್ನ.

ಅದಕ್ಕಿಂತ ದೊಡ್ಡ ವಿಷಯ ಸಂಭಾಷಣೆ. ನಿಮ್ಮ ಮನೆಯನ್ನೇ ನೋಡಿ. ಅಮ್ಮ ಅಜ್ಜಿಯ ಜೊತೆ ತುಳು, ನಿಮ್ಮ ಜೊತೆ ಕನ್ನಡ, ತರಕಾರಿಯವನ ಜೊತೆ ಹಿಂದಿ, ಸೊಸೈಟಿ ಚೇರ್ಮನ್ ಜೊತೆ ಮರಾಠಿ. ಒಂದೇ ಬೆಳಿಗ್ಗೆ ನಾಲ್ಕು ಭಾಷೆ. ಯಾವಾಗ ಭಾಷೆ ಬದಲಾಯಿಸುತ್ತಾಳೆ ಅಂತ ಗಮನಿಸಿದ್ದೀರಾ? ಸಿಟ್ಟು ಬಂದಾಗ ಯಾವುದಕ್ಕೆ ಹೋಗುತ್ತಾಳೆ? ಸಾಲ ಕೇಳುವಾಗ? ಪಕ್ಕದವರಿಗೆ ತಿಳಿಯಬಾರದು ಅಂದಾಗ? ಇದು ನಿಮಗೆ ಹುಟ್ಟಿನಿಂದ ಗೊತ್ತು, ಸಿನಿಮಾ, ಸೀರಿಯಲ್‌ನವರ ಅಂಧೇರಿಯಲ್ಲಿ ಕೂತು ಬರೆಯುವ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೂ ನೀವು ಸ್ಕ್ರಿಪ್ಟ್ ಬರೆಯಲು ಕೂತರೆ ಎಲ್ಲ ಪಾತ್ರಗಳೂ ಸೀರಿಯಲ್ ಹಿಂದಿ ಮಾತಾಡುತ್ತವೆ. ಕನ್ನಡದಲ್ಲಿ ಬರೆದರೂ "ತಂದೆಯೇ, ನನ್ನ ಮಾತನ್ನು ಕೇಳಿರಿ" ಅನ್ನುತ್ತವೆ. ಯಾವ ಮನೆಯಲ್ಲಿ ಹಾಗೆ ಮಾತಾಡುತ್ತಾರೆ, ಹೇಳಿ? ಕನ್ನಡ ಓದಲು ಬರದ ನಟರಿಗೆ ದೇವನಾಗರಿಯಲ್ಲಿ ಬರೆದುಕೊಡಿ, ತಪ್ಪಿಲ್ಲ. ಹಿಂದಿ ಸಿನಿಮಾದವರು ಹಿಂದಿಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಓದುತ್ತಾರೆ.

ಪದವಿ ಆದಮೇಲೆ ಮುಂದೆ ಎಲ್ಲಿ ಅಂತ ಕೇಳುತ್ತೀರಿ. ಬೇಗ ಹೇಳಿಬಿಡುತ್ತೇನೆ. ಮುಂಬೈನಲ್ಲೇ ಸೇಂಟ್ ಝೇವಿಯರ್ಸ್ ಆವರಣದ ಕಮ್ಯುನಿಕೇಷನ್ ಸಂಸ್ಥೆ 1969ರಿಂದ ಇದೆ. ಸೋಫಿಯಾ ಕಾಲೇಜಿನ ಆವರಣದಲ್ಲಿ ಹುಡುಗಿಯರಿಗೆ ಒಂದು ವರ್ಷದ ಕೋರ್ಸ್ ಇದೆ. ಸಾಕ್ಷ್ಯಚಿತ್ರದಲ್ಲಿ ಆಸಕ್ತಿ ಇದ್ದರೆ ದೇವನಾರ್‌ನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ನೋಡಿ. ಇನ್ನು ಸಿನಿಮಾ, ಟಿವಿ ಕಲಿಸುವ ಪುಣೆಯ ಎಫ್‌ಟಿಐಐ. 1960ರಲ್ಲಿ ಲಾ ಕಾಲೇಜ್ ರಸ್ತೆಯ ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾದದ್ದು. ಗಿರೀಶ್ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು. ಗಿರೀಶ್ ಕಾಸರವಳ್ಳಿಯವರು ಅಲ್ಲಿಯೇ ಓದಿದವರು. ಅವರು ಮೊದಲು ಓದಿದ್ದು ಫಾರ್ಮಸಿ, ಇದು "ಸೈನ್ಸ್ ಓದಿ ಕೆಟ್ಟೆವಲ್ಲ" ಅನ್ನುವ ಮಕ್ಕಳಿಗೆ. ಪುಣೆಯಲ್ಲೇ 1964ರಿಂದ ಚಲನಚಿತ್ರಗಳ ರಾಷ್ಟ್ರೀಯ ಸಂಗ್ರಹಾಲಯವೂ ಇದೆ. ಅಷ್ಟು ದೂರ ಬೇಡ ಅಂದರೆ ಪೆಡ್ಡರ್ ರೋಡಿನ ಸಿನಿಮಾ ಮ್ಯೂಸಿಯಂಗೆ ಒಂದು ಭಾನುವಾರ ಹೋಗಿ ಬನ್ನಿ. ಎರಡು ವರ್ಷಕ್ಕೊಮ್ಮೆ ಮುಂಬೈನಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಆಗುತ್ತದೆ, 1990ರಿಂದ ನಡೆದು ಬಂದಿದೆ. ಗೋವಾದಲ್ಲಿ 2004ರಿಂದ ಪ್ರತಿ ವರ್ಷ ಇಫಿ, ಅಂದರೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ. ನನ್ನ ಕೇಳಿದರೆ ಕಿರುಚಿತ್ರಗಳ ಉತ್ಸವಕ್ಕೇ ಮೊದಲು ಹೋಗಿ. ನೀವು ಮಾಡುವುದು ಕಿರುಚಿತ್ರ ತಾನೇ?

ಕೆಲಸದ ಬಗ್ಗೆ ಪೋಷಕರಿಗೆ ಸುಳ್ಳು ಹೇಳುವುದಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸಿನಿಮಾಕ್ಕೆ ಹೋಗುವುದಿಲ್ಲ. ಜಾಹೀರಾತು ಕಂಪನಿ, ಕಾರ್ಪೊರೇಟ್ ವಿಡಿಯೋ, ನ್ಯೂಸ್ ಚಾನೆಲ್, ಮದುವೆ ವಿಡಿಯೋ, ಯೂಟ್ಯೂಬ್. ಶೂಟಿಂಗ್ ಶಿಫ್ಟ್ ಅಂದರೆ ಹನ್ನೆರಡು ಗಂಟೆ, ಮೊದಲ ವರ್ಷಗಳಲ್ಲಿ ದುಡ್ಡು ಕಡಿಮೆ. ಕೊನೆಯ ಲೋಕಲ್ ತಪ್ಪಿಸಿಕೊಂಡು ಬರುವ ಮಗಳಿಗೆ ಬಾಗಿಲು ತೆಗೆಯಬೇಕಾಗುತ್ತದೆ. ಇದನ್ನು ತಿಳಿದೇ ಕಳಿಸಿ.

ಕೊನೆಗೆ ಎರಡು ಪ್ರಶ್ನೆ ಬಂದವು. ಒಬ್ಬ ಹುಡುಗಿ ಕೇಳಿದಳು, "ಸರ್, ನನ್ನ ಐಡಿಯಾ ಕದ್ದರೆ ಏನು ಮಾಡಲಿ?" ಐಡಿಯಾಗೆ ಕಾಪಿರೈಟ್ ಇಲ್ಲಮ್ಮ. ಬರೆದ ರೂಪಕ್ಕೆ ಇದೆ. "ಹೋಟೆಲ್ ಅಪ್ಪ, ಮೀಡಿಯಾ ಮಗ" ಅಂತ ಬಾಯಲ್ಲಿ ಹೇಳಿಕೊಂಡು ತಿರುಗಬೇಡ, ದೃಶ್ಯ ದೃಶ್ಯವಾಗಿ ಬರೆ. ಅಂಧೇರಿಯಲ್ಲಿ ಚಿತ್ರಕಥೆಗಾರರ ಸಂಘ ಇದೆ. ಅದರ ಸದಸ್ಯರಾದವರು ಸ್ಕ್ರಿಪ್ಟನ್ನು ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಇಂಥ ದಿನ ಇದು ನನ್ನ ಹತ್ತಿರ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಮುಂದೆ ಯಾರಾದರೂ ಸಹಿ ಹಾಕಿಸಿಕೊಳ್ಳಲು ಬಂದರೆ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ನೆನಪಿರಲಿ. ಥಿಯೇಟರ್ ಬಿಟ್ಟು ಬೇರೆ ಕಡೆ ಚಿತ್ರ ಬಳಕೆಯಾದಾಗ ಬರಬೇಕಾದ ರಾಯಲ್ಟಿ ಹಕ್ಕನ್ನು ಬರಹಗಾರರು ನಿರ್ಮಾಪಕರಿಗೆ ಬರೆದುಕೊಡುವ ಹಾಗಿಲ್ಲ. ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದು.

ಇನ್ನೊಬ್ಬರು ಅಪ್ಪ ಕೇಳಿದರು, "ಮಗನಿಗೆ ಕ್ಯಾಮೆರಾ ಕೊಡಿಸಬೇಕಾ?" ಬೇಡ. ಫೋನ್ ಸಾಕು. ಬೇಕಾದ ದಿನ ಅಂಧೇರಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಕೊಡಿಸಲೇಬೇಕು ಅಂದರೆ ಕಾಲರಿಗೆ ಸಿಕ್ಕಿಸುವ ಒಂದು ಮೈಕ್ ಕೊಡಿಸಿ, ಎರಡು ಹಾರ್ಡ್ ಡಿಸ್ಕ್ ಕೊಡಿಸಿ. ಲೆಕ್ಕ ಹಾಕಿ ನೋಡಿ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಐದು ನಿಮಿಷದ ಚಿತ್ರಕ್ಕೆ ಮಕ್ಕಳು ಸುಲಭವಾಗಿ ಎರಡು ಗಂಟೆ ತೆಗೆಯುತ್ತಾರೆ. ಅದನ್ನು ಎರಡೂ ಡಿಸ್ಕಿಗೆ ಹಾಕಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಗೆಳೆಯನ ಮನೆಯಲ್ಲಿ ಇಡಲಿ. ಎರಡೂ ಸರಿಯಾಗಿ ತೆರೆದುಕೊಳ್ಳುತ್ತವಾ ಅಂತ ನೋಡಿದ ಮೇಲೆಯೇ ಕಾರ್ಡ್ ಅಳಿಸಲಿ.